ನ್ಯುಮೋನಿಯಾ: ಲಕ್ಷಣ, ಸಾವು ಮತ್ತು ಚಿಕಿತ್ಸೆಯ ಚರಿತ್ರೆ

ಶ್ವಾಸಕೋಶದ ಗಾಳಿಗೂಡುಗಳಲ್ಲಿ ಸೋಂಕಿನಿಂದ ದ್ರವ, ಕೀವು ತುಂಬಿಕೊಳ್ಳುವ ಕಾಯಿಲೆ ನ್ಯುಮೋನಿಯಾ. ಇದಕ್ಕೆ ನ್ಯುಮೋಕಾಕಸ್ ಬ್ಯಾಕ್ಟೀರಿಯ ಒಂದು ಮುಖ್ಯ ಕಾರಣ. ಅದರ ನಡೆ ಹಳೆಯ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು: ಗಡಗಡ ನಡುಗಿಸುವ ಚಳಿ, ಏರುಜ್ವರ, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವು, ತುಕ್ಕುಬಣ್ಣದ ಕಫ, ಮೇಲುಸಿರು, ಕೆಲವರಿಗೆ ಸನ್ನಿ. ಬದುಕಿ ಉಳಿಯುವವರಲ್ಲಿ ಹಲವರಿಗೆ ಒಂದು ವಾರ ಕಳೆಯುವ ಹೊತ್ತಿಗೆ ಬೆವರು ಸುರಿದು ಜ್ವರ ಥಟ್ಟನೆ ಇಳಿಯುತ್ತಿತ್ತು. ಗೆದ್ದದ್ದು ದೇಹವಾದರೂ ಕೀರ್ತಿ ಮಾತ್ರ ಆ ಹೊತ್ತಿನ ಚಿಕಿತ್ಸೆಗೆ ಸಲ್ಲುತ್ತಿತ್ತು. ರಕ್ತ ಹರಿಸುವ ಪದ್ಧತಿ ಅಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ. ಪ್ಯಾರಿಸ್ಸಿನ ವೈದ್ಯ ಪಿಯರ್ ಲೂಯಿ 1835ರಲ್ಲಿ ರೋಗಿಗಳನ್ನು ಎಣಿಸಿಯೇ ನೋಡಿದ. ಮೊದಲ ನಾಲ್ಕು ದಿನಗಳಲ್ಲಿ ರಕ್ತ ತೆಗೆಸಿಕೊಂಡ 41 ಮಂದಿಯಲ್ಲಿ 18 ಜನ, ತಡವಾಗಿ ತೆಗೆಸಿಕೊಂಡ 36 ಮಂದಿಯಲ್ಲಿ 9 ಜನ ಸತ್ತಿದ್ದರು.

1881ರಲ್ಲಿ ಪಾಶ್ಚರ್ ಮತ್ತು ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ಈ ಜೀವಾಣುವನ್ನು ಗುರುತಿಸಿದ ಮೇಲೆ, ಅದನ್ನು ಕೊಂದರೆ ರೋಗ ಮುಗಿಯಿತೆಂಬ ನಂಬಿಕೆ ಬೆಳೆಯಿತು. ಅದು ಪೊಳ್ಳಲ್ಲ. 1938ರಲ್ಲಿ ಬರ್ಮಿಂಗ್‌ಹ್ಯಾಮಿನ ಇವಾನ್ಸ್ ಮತ್ತು ಗೈಸ್‌ಫರ್ಡ್ ಸಲ್ಫಾಪಿರಿಡಿನ್ ಎಂಬ ಔಷಧಿ ಕೊಟ್ಟ 100 ರೋಗಿಗಳಲ್ಲಿ ಸತ್ತವರು 8, ಕೊಡದ 100ರಲ್ಲಿ 27. ಪೆನಿಸಿಲಿನ್ ಬಂದ ಮೇಲೆ ಫಲ ಇನ್ನೂ ಹೆಚ್ಚಿತು. ಆದರೆ 1964ರಲ್ಲಿ ರಾಬರ್ಟ್ ಆಸ್ಟ್ರಿಯನ್ ಮತ್ತು ಜೆರೋಮ್ ಗೋಲ್ಡ್, ಜೀವಾಣು ರಕ್ತಕ್ಕೂ ಹಬ್ಬಿದ ರೋಗಿಗಳ ಲೆಕ್ಕ ಒಪ್ಪಿಸಿದಾಗ ಒಂದು ಇರಿಸುಮುರಿಸಿನ ಸಂಗತಿ ಹೊರಬಿತ್ತು: ಪೆನಿಸಿಲಿನ್ ಉಳಿಸಿದ್ದು ಹೆಚ್ಚಾಗಿ ಮೊದಲ ಐದು ದಿನ ದಾಟಿದವರನ್ನು, ಅದಕ್ಕೂ ಮುಂಚಿನ ಸಾವುಗಳನ್ನು ಅದು ಅಷ್ಟಾಗಿ ತಡೆದಿರಲಿಲ್ಲ.

ಹಾಗೆ ಬೇಗ ಸತ್ತವರು ತಡವಾಗಿ ಆಸ್ಪತ್ರೆಗೆ ಬಂದವರಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದನ್ನು ಒಪ್ಪಿದರೂ ಜೀವಾಣುವನ್ನು ಕೊಂದರಷ್ಟೇ ಸಾಲದೆಂಬ ವಾದ ಬೀಳುವುದಿಲ್ಲ. ಜೀವಾಣು ಸಾಯುವ ಮೊದಲೇ ಅಂಗಾಂಗಗಳಿಗೆ ಹಾನಿಯಾಗಿಬಿಟ್ಟಿರುತ್ತದೆ ಎಂಬುದನ್ನೇ ಅದೂ ಹೇಳುತ್ತದೆ. ಈ ಹಾನಿಯಲ್ಲಿ ದೇಹದ ಸ್ವಂತ ಉರಿಯೂತದ ಪಾಲು ದೊಡ್ಡದು. 2023ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದು ಇದನ್ನು ಬೆಂಬಲಿಸುತ್ತದೆ: ತೀವ್ರ ನ್ಯುಮೋನಿಯಾಕ್ಕೆ ಪ್ರತಿಜೀವಕದ ಜೊತೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಹೈಡ್ರೊಕಾರ್ಟಿಸೋನ್ ಪಡೆದವರಲ್ಲಿ 28 ದಿನಗಳೊಳಗಿನ ಸಾವು 6.2%, ಪಡೆಯದವರಲ್ಲಿ 11.9%. ಉರಿಯೂತ ತಗ್ಗಿಸಿದರೆ ಸೋಂಕು ಕೆರಳೀತೆಂಬ ಅಂಜಿಕೆ ಸುಳ್ಳಲ್ಲ. ಆ ಪ್ರಯೋಗ ಇನ್‌ಫ್ಲುಯೆಂಜಾ ರೋಗಿಗಳನ್ನು ಹೊರಗಿಟ್ಟಿತ್ತು, ಹಿಂದಿನ ವರ್ಷದ ಅಮೆರಿಕದ ಪ್ರಯೋಗದಲ್ಲಿ ಬೇರೊಂದು ಸ್ಟೀರಾಯ್ಡಿನಿಂದ ಸಾವು ಗಣನೀಯವಾಗಿ ಇಳಿದಿರಲಿಲ್ಲ. ಹಾಗಾಗಿ ಇದನ್ನು ಎಲ್ಲ ರೋಗಿಗಳಿಗೂ ಅನ್ವಯಿಸುವಂತಿಲ್ಲ. ಆಸ್ಟ್ರಿಯನ್ ತಮ್ಮ ಲೆಕ್ಕದಿಂದ ಕಂಡುಕೊಂಡ ದಾರಿ ಬೇರೆ, ರೋಗ ಬಾರದಂತೆ ತಡೆಯುವುದು. ಅವರ ಪ್ರಯತ್ನದಿಂದ 1977ರಲ್ಲಿ ನ್ಯುಮೋಕಾಕಸ್‌ನ 14 ಬಗೆಗಳ ವಿರುದ್ಧದ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಭಾರತದಲ್ಲಿ ಶಿಶುಗಳಿಗಾಗಿ ಬೇರೆ ಬಗೆಯ ನ್ಯುಮೋಕಾಕಸ್ ಲಸಿಕೆ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಾದ್ಯಂತ ವಿಸ್ತರಿಸಿತು.