ಮೌನಕ್ಕೆ ಸಲ್ಲುವ ರಿಯಾಯಿತಿ



ಇತಿಹಾಸವೆಂದರೆ ಅರಸರ ಯುದ್ಧಗಳು ಮಾತ್ರವೆಂದು ನಾನು ತರಗತಿಯಲ್ಲಿ ಎಂದೂ ಹೇಳಿದವನಲ್ಲ. ಮೇಜಿನ ಖಾನೆಯಲ್ಲಿ ಮಡಿಚಿಟ್ಟ ಸಾಧಾರಣ ಕಾಗದಕ್ಕೂ ಒಂದು ಇತಿಹಾಸವಿರುತ್ತದೆ. ನಿಮ್ಮಲ್ಲಿ ಬಹುಮಂದಿ ಈಗ ಕಾರುಗಳ ಒಡೆಯರು. ವರ್ಷಕ್ಕೊಮ್ಮೆ ನವೀಕರಿಸುವ ವಿಮಾ ಪತ್ರದಲ್ಲಿ 'ನೋ ಕ್ಲೈಮ್ ಬೋನಸ್' ಎಂಬ ಸಾಲನ್ನು ಕಂಡು, ಉಳಿದ ಹಣಕ್ಕೆ ಸಂತೋಷಪಟ್ಟು ಸುಮ್ಮನಾಗಿರುತ್ತೀರಿ. ಆ ಒಂದು ಸಾಲಿನ ಹಿನ್ನೆಲೆಯನ್ನು ಇಂದು ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯಿದೆಯು ವಾಹನ ವಿಮೆಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯಿದೆಯ ಎಂಟನೆಯ ಅಧ್ಯಾಯವು 1946ರ ಜುಲೈ 1ರಂದು ಜಾರಿಗೆ ಬಂದು ಅದೇ ಕೆಲಸವನ್ನು ಮಾಡಿತು. ಈ ಕಡ್ಡಾಯ ವಿಮೆಯು ಕಾರಿನ ಒಡೆಯನಿಗಾಗಿ ಹುಟ್ಟಿದ್ದಲ್ಲ. ಆ ಕಾರಿನಿಂದ ಪೆಟ್ಟು ತಿನ್ನುವ ದಾರಿಹೋಕನಿಗೆ, ಅಂದರೆ ಮೂರನೆಯ ವ್ಯಕ್ತಿಗೆ, ಪರಿಹಾರ ದೊರೆಯಲೆಂದು ಹುಟ್ಟಿದ್ದು. ನಮ್ಮ ಕಾರಿಗೇ ಆಗುವ ನಷ್ಟಕ್ಕೆ ಮಾಡಿಸುವ 'ಸ್ವಂತ ಹಾನಿ'ಯ ವಿಮೆ ನಮ್ಮ ಇಚ್ಛೆಗೆ ಬಿಟ್ಟದ್ದು. ಈ ಎರಡು ಭಾಗಗಳನ್ನು ನೆನಪಿನಲ್ಲಿಡಿ. ನೋ ಕ್ಲೈಮ್ ಬೋನಸ್ ದೊರೆಯುವುದು ಎರಡನೆಯ ಭಾಗದ ಪ್ರೀಮಿಯಂ ಮೇಲೆ ಮಾತ್ರ.

1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, 107 ವಿಮಾ ಸಂಸ್ಥೆಗಳ ಸ್ಥಾನದಲ್ಲಿ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳು ಉಳಿದವು. 2002ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ದರಪಟ್ಟಿಯು ರಿಯಾಯಿತಿಯ ಮೆಟ್ಟಿಲುಗಳನ್ನು ಹೀಗೆ ಗೊತ್ತುಪಡಿಸಿತು: ಪರಿಹಾರ ಕೇಳದ ಮೊದಲ ವರ್ಷಕ್ಕೆ ಶೇ. 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅದಕ್ಕೂ ಹಿಂದಿನ ಪಟ್ಟಿಯಂತೆ ಶೇ. 55 ಅಥವಾ 65ಕ್ಕೆ ಅರ್ಹರಾಗಿದ್ದವರು ಮುಂದೆ ಪರಿಹಾರ ಕೇಳುವವರೆಗೂ ಅದನ್ನು ಉಳಿಸಿಕೊಳ್ಳಬಹುದಿತ್ತು. 2007ರಲ್ಲಿ ಸ್ವಂತ ಹಾನಿಯ ವಿಮೆಯ ದರ ನಿಗದಿ ಕಂಪನಿಗಳ ಕೈಸೇರಿದರೂ ಈ ಮೆಟ್ಟಿಲುಗಳು ಬಳಕೆಯಲ್ಲಿ ಉಳಿದವು. ಹತ್ತಲು ಐದು ವರ್ಷ. ಇಳಿಯಲು ಒಂದೇ ಅರ್ಜಿ ಸಾಕು.

ಈಗ ಒಂದು ಸಣ್ಣ ಲೆಕ್ಕ. ಸ್ವಂತ ಹಾನಿಯ ಪೂರ್ಣ ಪ್ರೀಮಿಯಂ ಪ್ರತಿವರ್ಷವೂ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 50ರ ರಿಯಾಯಿತಿ ಪಡೆದವನು 5,000 ಕಟ್ಟುತ್ತಾನೆ. ಅವನು ಬಾಗಿಲಿನ ನೆಗ್ಗು ತೆಗೆಸಲು 6,000 ರೂಪಾಯಿಯ ಪರಿಹಾರ ಪಡೆದನೆನ್ನೋಣ. ಮುಂದಿನ ಐದು ವರ್ಷಗಳಲ್ಲಿ ಅವನು ಕ್ರಮವಾಗಿ 10,000, 8,000, 7,500, 6,500, 5,500 ಕಟ್ಟಬೇಕಾಗುತ್ತದೆ. ಹೆಚ್ಚುವರಿಯಾಗಿ ತೆತ್ತದ್ದು 12,500. ಆರು ಸಾವಿರ ಪಡೆಯಲು ಹನ್ನೆರಡೂವರೆ ಸಾವಿರ! ಆದುದರಿಂದ ಲೆಕ್ಕ ಬಲ್ಲವನು ಬಾಯಿ ಬಿಡುವುದಿಲ್ಲ. ತನ್ನ ಜೇಬಿನಿಂದಲೇ ದುರಸ್ತಿ ಮಾಡಿಸುತ್ತಾನೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಈ ವರ್ತನೆಯನ್ನು ಗಣಿತಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1959ರಲ್ಲಿ ಫ್ರಾನ್ಸಿನ ಲಾ ಬೋಲ್ ಎಂಬ ಕಡಲತೀರದ ಪಟ್ಟಣದಲ್ಲಿ ಸೇರಿದ 'ಆಸ್ಟಿನ್' ವಿಮಾ ಗಣಿತಜ್ಞರ ಮೊದಲ ಗೋಷ್ಠಿಯ ವಿಷಯವೇ ಈ ರಿಯಾಯಿತಿ. ಮುಂದೆ ಬೆಲ್ಜಿಯಂನ ಜ್ಯಾಂ ಲೆಮೇರ್ ಅವರು ಸಣ್ಣ ನಷ್ಟವನ್ನು ಮರೆಮಾಡುವ ಈ ಪ್ರವೃತ್ತಿಯನ್ನು 'ಬೋನಸ್ಸಿನ ದಾಹ' ಎಂದು ಕರೆದು ಅದಕ್ಕೊಂದು ಗಣಿತವನ್ನೇ ಕಟ್ಟಿಕೊಟ್ಟರು.

ಫ್ರಾನ್ಸಿನ ಕ್ರಮವನ್ನು ನಮ್ಮದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಲ್ಯಾಟಿನ್ನಿನಲ್ಲಿ 'ಬೋನುಸ್' ಎಂದರೆ ಒಳ್ಳೆಯದು, 'ಮಾಲುಸ್' ಎಂದರೆ ಕೆಟ್ಟದ್ದು. ಅಲ್ಲಿ ಎರಡೂ ಉಂಟು. ತಪ್ಪಿಲ್ಲದೆ ಕಳೆದ ಪ್ರತಿ ವರ್ಷಕ್ಕೂ ಗುಣಾಂಕವನ್ನು 0.95ರಿಂದ ಗುಣಿಸುತ್ತಾರೆ; ಹದಿಮೂರು ವರ್ಷಗಳಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಚಾಲಕನ ತಪ್ಪಿನಿಂದಾದ ಪ್ರತಿ ಅಪಘಾತಕ್ಕೂ 1.25ರಿಂದ ಗುಣಿಸುತ್ತಾರೆ, ಅದು 3.5ರವರೆಗೂ ಏರಬಹುದು. ಚಾಲಕನ ತಪ್ಪಿಲ್ಲದಿದ್ದರೆ ಏರಿಕೆಯಿಲ್ಲ.

ನಮ್ಮಲ್ಲಿ ಹಾಗಲ್ಲ. ನಿಲ್ಲಿಸಿದ ಕಾರಿನ ಮೇಲೆ ಮಳೆಗಾಲದಲ್ಲಿ ಮರ ಬಿದ್ದು ಪರಿಹಾರ ಕೇಳಿದರೂ ಬೋನಸ್ ಹೋಗುತ್ತದೆ. ಆದರೆ ಅಜಾಗರೂಕತೆಯಿಂದ ಪಾದಚಾರಿಯೊಬ್ಬನ ಕಾಲು ಮುರಿದು, ಅವನಿಗೆ ಮೂರನೆಯ ವ್ಯಕ್ತಿಯ ವಿಮೆಯಿಂದ ಪರಿಹಾರ ಸಂದರೆ, ಅಷ್ಟರಿಂದಲೇ ಸಾಮಾನ್ಯವಾಗಿ ಬೋನಸ್ ಹೋಗುವುದಿಲ್ಲ. ಹೀಗಿರುವಾಗ ಶೇ. 50ರ ರಿಯಾಯಿತಿಯನ್ನು ಒಳ್ಳೆಯ ಚಾಲಕನೆಂಬ ಪ್ರಶಸ್ತಿ ಪತ್ರವೆಂದು ಭಾವಿಸುವುದು ಹೇಗೆ? ನಾವು ಕಂಪನಿಯ ಬಾಗಿಲು ತಟ್ಟಲಿಲ್ಲವೆಂಬುದನ್ನು ಮಾತ್ರ ಅದು ಹೇಳುತ್ತದೆ.

ವ್ಯವಹಾರದ ಕೆಲವು ಮಾತುಗಳನ್ನೂ ಹೇಳಿಬಿಡುತ್ತೇನೆ. ಬೋನಸ್ ಸೇರಿದ್ದು ವ್ಯಕ್ತಿಗೆ, ಕಾರಿಗಲ್ಲ. ಹಳೆಯ ಕಾರನ್ನು ಮಾರುವಾಗ ಕಂಪನಿಯಿಂದ ಪತ್ರ ಪಡೆದುಕೊಂಡರೆ ಮೂರು ವರ್ಷಗಳೊಳಗೆ ಹೊಸ ಕಾರಿಗೆ ಅದನ್ನು ಬಳಸಬಹುದು. ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಅದು ಕೈತಪ್ಪುತ್ತದೆ. ಒಡೆಯರು ತೀರಿಕೊಂಡು ಕಾರು ಪತ್ನಿ, ಮಕ್ಕಳು ಅಥವಾ ತಂದೆತಾಯಿಯರಿಗೆ ಬಂದರೆ ಬೋನಸ್ಸೂ ಅವರಿಗೆ ಸಲ್ಲುತ್ತದೆ. ದುಃಖದ ದಿನಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು. ಕಂಪನಿ ಬದಲಿಸುವಾಗ ಹಿಂದೆ ಪಡೆದ ಪರಿಹಾರವನ್ನು ಮುಚ್ಚಿಟ್ಟು ಬೋನಸ್ ಪಡೆಯಬೇಡಿ. ಸುಳ್ಳು ಹೊರಬಿದ್ದರೆ ಸ್ವಂತ ಹಾನಿಯ ಪರಿಹಾರವೇ ಇಲ್ಲವಾಗುತ್ತದೆ.

ಸಣ್ಣ ನಷ್ಟವಾದಾಗ ಮೇಲಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ದೊಡ್ಡ ನಷ್ಟವಾದಾಗ ಬೋನಸ್ಸಿನ ಮೋಹಕ್ಕೆ ಬಿದ್ದು ಸುಮ್ಮನಿರಬೇಡಿ; ವಿಮೆ ಮಾಡಿಸಿದ್ದೇ ಅದಕ್ಕಾಗಿ. ನಿಮ್ಮ ಚಾಲನೆ ಎಂಥದ್ದೆಂದು ತಿಳಿಯಬೇಕಾದರೆ ವಿಮಾ ಪತ್ರವನ್ನು ಬಿಟ್ಟು, ನಿಮ್ಮ ಕಾರಿನ ಮುಂದೆ ರಸ್ತೆ ದಾಟುವ ಮಗುವಿನ ಮುಖವನ್ನು ನೋಡಿ.