ತಂದೆ ಬಂತು, ತಾಯಿ ಬಂತು

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗೋರಿಗೆ ಮರಕುಟಿಗ ಹೊಸದೇನಲ್ಲ. ನಮ್ಮ ಹೊಂಬೆನ್ನಿನ ಮರಕುಟಿಗದ ಸಂಸಾರದಲ್ಲಿ ಗಂಡ ಹೆಂಡತಿ ಇಬ್ಬರೇ. ಕ್ಯಾಲಿಫೋರ್ನಿಯಾದಲ್ಲಿ ಓಕ್ ಕಾಯಿ ಕೂಡಿಡುವ ಮರಕುಟಿಗದ್ದು ಹಾಗಲ್ಲ, ಅವಿಭಕ್ತ ಕುಟುಂಬ. ಬೆಳೆದ ಮಕ್ಕಳು ಮನೆ ಬಿಡದೆ ತಮ್ಮ ತಂಗಿಯರಿಗೆ ಉಣಿಸುತ್ತವೆ. ಒಂದೇ ಪೊಟರೆಯಲ್ಲಿ ಇಬ್ಬರು ಹೆಣ್ಣುಗಳಿದ್ದರೆ ಒಬ್ಬಳ ಮೊಟ್ಟೆಯನ್ನು ಇನ್ನೊಬ್ಬಳು ಎತ್ತಿ ಹೊರಗೆ ಹಾಕುವುದೂ ಉಂಟು. ಕೂಡುಕುಟುಂಬ ಅಂದಮೇಲೆ ಇಷ್ಟಾದರೂ ಬೇಡವೇ!

ಇಂಥ ಸಂಸಾರ ಮೈಸೂರಲ್ಲೂ ಇದೆ. ಹಿತ್ತಲಲ್ಲಿ ಗುಂಪಾಗಿ ಗಲಾಟೆ ಮಾಡುವ ಹರಟೆಮಲ್ಲಗಳದ್ದು ಅದೇ ಬಾಳು. ಕರೆಂಟ್ ತಂತಿ ಮೇಲೆ ಕೂರುವ ಹಸಿರು ಕಳ್ಳಿಪೀರಗಳಲ್ಲೂ ಅದುಂಟು. ಅಲೆಕ್ಸಾಂಡರ್ ಸ್ಕಚ್ ಮಧ್ಯ ಅಮೆರಿಕದ ಹಕ್ಕಿಗಳನ್ನು ನೋಡಿ 'ಗೂಡಿನ ಸಹಾಯಕರು' ಅಂತ ಬರೆದದ್ದು 1935ರಲ್ಲಿ. ನಾಲ್ಕೇ ವರ್ಷದ ಮೇಲೆ, 1939-40ರಲ್ಲಿ, ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಆಗಿನ ಪಕ್ಷಿಶಾಸ್ತ್ರ ಬಹುಪಾಲು ಕೋವಿಯದು. ಹೊಡೆದು, ಚರ್ಮ ಸುಲಿದು, ಅಳತೆ ಬರೆದು ಮುಂದಿನ ಊರಿಗೆ ಹೊರಡುವುದು. ಯಾವ ಹಕ್ಕಿ ಎಲ್ಲಿದೆ ಅನ್ನೋದಕ್ಕೆ ಅದರಿಂದ ಉತ್ತರ ಸಿಕ್ಕಿತು, ನಾವು ಇವತ್ತಿಗೂ ಆ ಋಣದಲ್ಲಿದ್ದೇವೆ. ಆದರೆ ಯಾರ ಮರಿಗೆ ಯಾರು ಉಣಿಸಿದರು ಅಂತ ಸುಲಿದ ಚರ್ಮ ಹೇಳುತ್ತದೆಯೇ? ಅದಕ್ಕೆ ಒಂದೇ ಗೂಡಿನ ಮುಂದೆ ದಿನಗಟ್ಟಲೆ ಕೂರಬೇಕು. ಕಳ್ಳಿಪೀರದ ಗೂಡಿನ ಸಹಾಯಕರ ಬಗ್ಗೆ ಎಸ್. ಶ್ರೀಧರ್ ಮತ್ತು ಪ್ರವೀಣ್ ಕಾರಂತರ ಟಿಪ್ಪಣಿ 'ಕರೆಂಟ್ ಸೈನ್ಸ್'ನಲ್ಲಿ ಬಂದದ್ದು 1993ರಲ್ಲಿ.

ನಾನೂ ಕೂತಿದ್ದೆ, ಅದಕ್ಕೆ ಮುಂಚೆಯೇ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಮಣ್ಣಿನ ದಿಣ್ಣೆಯೊಳಗೆ ಕೊರೆದಿದ್ದ ಬಿಲದ ಮುಂದೆ, ಎರಡು ಬೇಸಿಗೆ. 'ತಂದೆ ಬಂತು, ಏರೋಪ್ಲೇನ್ ಚಿಟ್ಟೆ. ತಾಯಿ ಬಂತು, ಜೇನುನೊಣ.' ಪುಟಗಟ್ಟಲೆ ಹೀಗೇ ಬರೆದಿದ್ದೇನೆ. ಕಳ್ಳಿಪೀರದಲ್ಲಿ ಗಂಡು ಹೆಣ್ಣು ನೋಡೋಕೆ ಒಂದೇ ಥರ. ಕಾಲಿಗೆ ಬಣ್ಣದ ಬಳೆ ಹಾಕಿರಲಿಲ್ಲ. ಮತ್ತೆ ತಂದೆ ಯಾರು ಅಂತ ನನಗೆ ಹೇಗೆ ಗೊತ್ತಾಯ್ತು? ಗೊತ್ತಾಗಿರಲಿಲ್ಲ. ಎರಡು ಬಂದರೆ ಅಪ್ಪ ಅಮ್ಮ ಅಂದುಕೊಂಡೆ, ಅಷ್ಟೆ.

ಎರಡನೇ ಬೇಸಿಗೆಯ ಕೊನೆಯಲ್ಲಿ ಒಂದು ಬೆಳಗ್ಗೆ ಮೂರು ಹಕ್ಕಿಗಳು ಒಟ್ಟಿಗೆ, ಕೊಕ್ಕಲ್ಲಿ ಹುಳ ಕಚ್ಚಿಕೊಂಡು, ಬಿಲದೆದುರಿನ ಕಡ್ಡಿ ಮೇಲೆ ಸಾಲಾಗಿ ಕೂತಿದ್ದವು. ಒಂದಾದ ಮೇಲೊಂದು ಒಳಗೆ ಹೋಗಿ ಬಂದವು.

ಮನೆಗೆ ಬಂದು ಹಳೇ ಪುಟಗಳನ್ನು ತಿದ್ದಲು ಕೂತೆ. ಯಾವುದನ್ನು ತಿದ್ದೋದು? 'ತಂದೆ', 'ತಾಯಿ' ಇದ್ದಲ್ಲೆಲ್ಲ ಗೆರೆ ಎಳೆದು 'ಒಂದು ಹಕ್ಕಿ' ಅಂತ ಬರೆದೆ.