ಫ್ಲ್ಯಾಟ್ ನಮ್ದು, ಲಿಫ್ಟ್ ಯಾರದು? ಅಪಾರ್ಟ್‌ಮೆಂಟ್ ವಿಮೆಯ ಕಥೆ

(1/6)
2021ರ ನವೆಂಬರ್. ಮಳೆಗೆ ಕೆರೆ ತುಂಬಿ ಹರಿದು ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ಗೆ ನೀರು ನುಗ್ತು. ಜನರನ್ನ ದೋಣಿಯಲ್ಲಿ ಕರ್ಕೊಂಡು ಬರಬೇಕಾಯ್ತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಕಥೆ.

ಇಂಥ ಯಾವ ಕಟ್ಟಡದಲ್ಲೇ ಆಗಲಿ, ನೀರು ಇಳಿದ ಮೇಲೆ ಲೆಕ್ಕ ಶುರುವಾಗುತ್ತೆ. ಲಿಫ್ಟ್ ರಿಪೇರಿ ಯಾರ ಖರ್ಚು? ನೆಲಮಹಡಿಯವರ ಫ್ರಿಜ್, ಸೋಫಾ? ಬೇಸ್‌ಮೆಂಟ್‌ನಲ್ಲಿದ್ದ ಕಾರು? ಮೂರಕ್ಕೂ ಉತ್ತರ ಬೇರೆ ಬೇರೆ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗೋಣ ಬನ್ನಿ.

(2/6)
1666ರಲ್ಲಿ ಲಂಡನ್‌ಗೆ ಬೆಂಕಿ ಬಿತ್ತು. ಸುಮಾರು 13,000 ಮನೆ ಬೂದಿಯಾದವು. ಆಮೇಲೆ 1680ರ ಹೊತ್ತಿಗೆ ನಿಕೋಲಸ್ ಬಾರ್ಬನ್ ಅನ್ನೋ ಬಿಲ್ಡರ್ ಮನೆಗಳಿಗೆ ಬೆಂಕಿ ವಿಮೆ ಮಾರೋಕೆ ಶುರು ಮಾಡಿದ. ಇಟ್ಟಿಗೆ ಮನೆಗಿಂತ ಮರದ ಮನೆಗೆ ಪ್ರೀಮಿಯಂ ಎರಡರಷ್ಟು! ಅಪಾಯ ಜಾಸ್ತಿ ಇದ್ದರೆ ಕಂತೂ ಜಾಸ್ತಿ ಅನ್ನೋ ಪಾಠ ಆಗಲೇ ಇತ್ತು. ಒಂದು ಮನೆ, ಒಬ್ಬ ಮಾಲೀಕ, ಒಂದು ಪಾಲಿಸಿ. ಲೆಕ್ಕ ಸುಲಭ.

(3/6)
ಒಂದೇ ಜಾಗದ ಮೇಲೆ ನೂರು ಮನೆ ಎದ್ದಾಗ ಆ ಲೆಕ್ಕ ಸಾಲಲಿಲ್ಲ. 1958ರಲ್ಲಿ ಪೋರ್ಟೊ ರಿಕೋ ಇದಕ್ಕೊಂದು ಕಾನೂನು ಮಾಡ್ತು, 1960ರ ದಶಕದಲ್ಲಿ ಅಮೆರಿಕದ ರಾಜ್ಯಗಳು ಅದೇ ದಾರಿ ಹಿಡಿದವು. ನಮ್ಮಲ್ಲಿ 1970ರಲ್ಲಿ ಮಹಾರಾಷ್ಟ್ರ, 1972ರಲ್ಲಿ ನಮ್ಮ ರಾಜ್ಯ (ಆಗಿನ್ನೂ ಹೆಸರು ಮೈಸೂರು!) ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ತಂದವು.

ಕಾಯ್ದೆಯ ಪ್ರಕಾರ ಫ್ಲ್ಯಾಟ್ ನಿಮ್ಮದು. ಜಾಗ, ಚಾವಣಿ, ಮೆಟ್ಟಿಲು, ಲಿಫ್ಟ್‌ನಲ್ಲಿ ಎಲ್ಲರಿಗೂ ಪಾಲು. ವಿಮೆ ಬಗ್ಗೆಯೂ ಅದರಲ್ಲೇ ಬರೆದಿದೆ: ಬೈಲಾ ಹೇಳಿದರೆ ಅಥವಾ ಬಹುಮತದ ಮಾಲೀಕರು ಕೇಳಿದರೆ ಅಸೋಸಿಯೇಷನ್ ಇಡೀ ಕಟ್ಟಡಕ್ಕೆ ವಿಮೆ ಮಾಡಿಸಬೇಕು. ಜೊತೆಗೆ ಪ್ರತಿ ಮಾಲೀಕರಿಗೂ ತಮ್ಮ ಫ್ಲ್ಯಾಟ್‌ಗೆ ಬೇರೆ ವಿಮೆ ಮಾಡಿಸಿಕೊಳ್ಳುವ ಹಕ್ಕಿದೆ. ಅಂದ್ರೆ, ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡದಿದ್ದರೆ ಕಟ್ಟಡಕ್ಕೆ ವಿಮೆಯೇ ಇಲ್ಲದಿರಬಹುದು.

(4/6)
ಅದೇ 1972ರಲ್ಲಿ ಸಾಮಾನ್ಯ ವಿಮೆಯ ರಾಷ್ಟ್ರೀಕರಣದ ಕಾಯ್ದೆಯೂ ಬಂತು. 1973ರ ಜನವರಿ 1ರಿಂದ 107 ಕಂಪನಿಗಳು ಸೇರಿ ನಾಲ್ಕಾದವು. ಆದರೆ ಮಾಮೂಲಿ ಫೈರ್ ಪಾಲಿಸಿಯಲ್ಲಿ ಎಷ್ಟೋ ವರ್ಷ ಭೂಕಂಪ ಇರ್ತಿರಲಿಲ್ಲ. ಕೇಳಿ, ಎಕ್ಸ್‌ಟ್ರಾ ಹಣ ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ಕೇಳೋರು ಯಾರು? 2001ರ ಜನವರಿ 26ರಂದು ಕಛ್‌ನಲ್ಲಿ ಭೂಮಿ ನಡುಗಿದಾಗ 200 ಕಿ.ಮೀ.ಗೂ ದೂರದ ಅಹಮದಾಬಾದ್‌ನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದವು.

(5/6)
2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಜಾರಿಗೆ ಬಂತು. ಬೆಂಕಿ, ಪ್ರವಾಹ, ಭೂಕಂಪ ಎಲ್ಲಾ ಒಂದರಲ್ಲೇ. ಇಲ್ಲಿ ನಮ್ಮ ಬಿಕಾಂ ಲೆಕ್ಕ ನೋಡಿ. ಕಾರ್ಪೆಟ್ ಏರಿಯಾ 1,000 ಚದರಡಿ, ಮತ್ತೆ ಕಟ್ಟಲು ಚದರಡಿಗೆ 2,500 ರೂ. ಅಂತ ಇಟ್ಕೊಳ್ಳಿ. ವಿಮಾ ಮೊತ್ತ 25 ಲಕ್ಷ. ಮಾರ್ಕೆಟ್‌ನಲ್ಲಿ ಫ್ಲ್ಯಾಟ್ 90 ಲಕ್ಷ ಬಾಳಿದರೂ ಅಷ್ಟೇ, ಯಾಕಂದ್ರೆ ಜಾಗ ಸುಟ್ಟು ಹೋಗಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆ ಸಾಮಾನಿಗೂ ತಾನಾಗಿಯೇ ಶೇ 20 (ಗರಿಷ್ಠ 10 ಲಕ್ಷ) ಸೇರುತ್ತೆ, ಇಲ್ಲಿ 5 ಲಕ್ಷ.

ಅಸೋಸಿಯೇಷನ್ ಪಾಲಿಸಿಯಲ್ಲಿ ನಿಮ್ಮ ಗೋಡೆ ಆಗಲೇ ಸೇರಿದ್ರೆ? ಇನ್‌ಡೆಮ್ನಿಟಿ ಪಾಠ ನೆನಪಿದೆಯಲ್ಲ: ಒಂದೇ ನಷ್ಟಕ್ಕೆ ಎರಡು ಸಲ ದುಡ್ಡು ಬರಲ್ಲ. ಅಂಥವರು ಸಾಮಾನಿಗೆ ಮಾತ್ರ ವಿಮೆ ತಗೊಂಡರೆ ಸಾಕಾಗಬಹುದು.

(6/6)
ಈಗ ಮೊದಲ ಪ್ರಶ್ನೆಗಳಿಗೆ ಉತ್ತರ.
▪ ಲಿಫ್ಟ್: ಅಸೋಸಿಯೇಷನ್ ಪಾಲಿಸಿ. ಅದಿಲ್ಲದಿದ್ದರೆ ಎಲ್ಲರ ಜೇಬಿನಿಂದ.
▪ ಫ್ರಿಜ್, ಸೋಫಾ: ಮನೆಯವರದೇ ಪಾಲಿಸಿ.
▪ ಕಾರು: ಕಾರಿನ ವಿಮೆ. ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಸಿಗಲ್ಲ.

‘ಹೋಮ್ ಲೋನ್ ಜೊತೆ ಇನ್ಶೂರೆನ್ಸ್ ಇದೆಯಲ್ಲ’ ಅಂತ ಅಪ್ಪ ಹೇಳಿದ್ರೆ ಆ ಪೇಪರ್ ತೆಗೆದು ಓದಿ. ಎಷ್ಟೋ ಸಲ ಅದು ಸಾಲಗಾರರ ಜೀವ ವಿಮೆ; ಗೋಡೆಗೂ ಅದಕ್ಕೂ ಸಂಬಂಧ ಇರಲ್ಲ. ಮುಂದಿನ ಅಸೋಸಿಯೇಷನ್ ಮೀಟಿಂಗ್‌ಗೆ ಅಮ್ಮನೋ ಅಪ್ಪನೋ ಹೊರಟಾಗ ಒಂದೇ ಪ್ರಶ್ನೆ ಕೇಳೋಕೆ ಹೇಳಿ: ‘ನಮ್ಮ ಕಟ್ಟಡದ ಪಾಲಿಸಿ ಕಾಪಿ ತೋರಿಸ್ತೀರಾ?’ ಐವತ್ತು ವರ್ಷದ ಹಿಂದೆಯೇ ಕಾನೂನು ಕೊಟ್ಟ ಹಕ್ಕು, ಕೇಳೋದಕ್ಕೆ ಸಂಕೋಚ ಬೇಡ.

ಸೇವ್ ಮಾಡ್ಕೊಳ್ಳಿ, ಫ್ಲ್ಯಾಟ್‌ನಲ್ಲಿರೋ ಫ್ರೆಂಡ್‌ಗೆ ಕಳಿಸಿ.

#ಕಾಮರ್ಸ್‌ಕಥೆಗಳು #ವಿಮೆಯಇತಿಹಾಸ